ಇಳಿತದ ಹೊತ್ತಿನ ಊಟ

ಮೂವತ್ತಾರನೆಯ ವಯಸ್ಸಿಗೆ ‘ನಿವೃತ್ತಳಾದೆ’ ಎಂದು ಬರೆದರೆ ಓದುವವರು ನಗಬಹುದು. ಆದರೆ ನದಿ ದಂಡೆಯ ಕೆಲಸದಿಂದ ನಾನು ನಿವೃತ್ತಳಾಗಿರುವುದು ನಿಜ. ಹೋದ ನವೆಂಬರಿನಲ್ಲಿ ಕೆಸರಿನಲ್ಲಿ ಜಾರಿ ಬಿದ್ದು ಬೆನ್ನಿನ ಡಿಸ್ಕ್ ಸರಿಯಿತು. ಎದೆಮಟ್ಟದ ರಬ್ಬರ್ ಉಡುಪು ಹಾಕಿಕೊಂಡು ನೀರಿಗಿಳಿಯುವುದು ಇನ್ನು ಬೇಡ ಎಂದು ಡಾಕ್ಟರು ಹೇಳಿದರು. ಈಗ ನ್ಯೂಜೆರ್ಸಿಯ ಕ್ರ್ಯಾನ್‌ಬರಿಯ ಆಫೀಸೊಂದರಲ್ಲಿ ಕುಳಿತು ಬೇರೆಯವರು ದಂಡೆಯಿಂದ ಕಳಿಸುವ ವರದಿಗಳನ್ನು ಓದುತ್ತೇನೆ. ಓದುವಾಗ, ಇದನ್ನು ಬರೆದವನು ನಿಜವಾಗಿ ನೀರಿನ ಹತ್ತಿರ ಹೋಗಿದ್ದನೇ ಎಂದು ಪ್ರತಿಯೊಂದರ ಮೇಲೂ ಅನುಮಾನ ಬರುತ್ತದೆ.

ಬೆಂಗಳೂರು, ಮೈಸೂರಿನಿಂದ ಇಲ್ಲಿಗೆ ಎಂ.ಎಸ್. ಓದಲು ಬಂದ ಹುಡುಗ ಹುಡುಗಿಯರು ಯಾರ್ಯಾರ ಮೂಲಕವೋ ನನ್ನ ನಂಬರ್ ಹುಡುಕಿ ಫೋನ್ ಮಾಡುತ್ತಾರೆ. ‘ಅಕ್ಕಾ, ಎನ್ವಿರಾನ್‌ಮೆಂಟಲ್ ಮಾನಿಟರ್ ಅಂದ್ರೆ ಎಕ್ಸಾಕ್ಟ್‌ಲಿ ಏನ್ ಮಾಡ್ತಾರೆ?’ ಸೇತುವೆ ಕಟ್ಟುವಾಗ ಮೀನುಗಳ ನೆಲೆ ಕೆಡದಂತೆ ನೋಡಿಕೊಳ್ಳುತ್ತಾರೆ ಎನ್ನುವುದು ಪುಸ್ತಕದ ಉತ್ತರ. ಅನುಮಾನ ಪಡುವುದಕ್ಕೆ ಸಂಬಳ ತೆಗೆದುಕೊಳ್ಳುತ್ತಾರೆ ಎನ್ನುವುದು ನನ್ನ ಉತ್ತರ. ಫೋನಿನಲ್ಲಿ ಇಷ್ಟು ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಚಿಕ್ಕಂದಿನಿಂದ ನನಗೆ ದಿನಚರಿ ಬರೆಯುವ ಚಟ. ದಂಡೆಯ ಮೇಲೂ ಅದು ಬಿಡಲಿಲ್ಲ. ಇವತ್ತು ಕಂಡ ಮೀನೆಷ್ಟು, ಬಂದ ಕಾಂಕ್ರೀಟ್ ಲಾರಿ ಎಷ್ಟು, ನನಗೆ ಹೇಳಿದ ಸುಳ್ಳೆಷ್ಟು ಎಂದು ದಿನದ ಕೊನೆಗೆ ಗೀಟು ಹಾಕುತ್ತಿದ್ದೆ. ಸುಳ್ಳಿನ ಗೀಟುಗಳು ಮೀನಿನ ಗೀಟುಗಳನ್ನು ಮೀರಿದ ತಿಂಗಳುಗಳೂ ಇವೆ.

ನನಗೆ ಕೆಲಸ ಕಲಿಸಿದವಳು ಡೋರೀನ್ ಎಂಬ ಹೆಂಗಸು. ಆಗಲೇ ಅರವತ್ತು ದಾಟಿದ್ದಳು. ಸದಾ ಚ್ಯೂಯಿಂಗ್ ಗಮ್ ಅಗಿಯುತ್ತಿದ್ದಳು. ಉತ್ತರ ಜೆರ್ಸಿಯ ಒಂದು ಸೇತುವೆಯಲ್ಲಿ, ನನ್ನ ಮೊದಲ ವಾರ. ಕೆಲಸ ನಡೆಯುವ ಜಾಗದ ಸುತ್ತ ಹೂಳು ಹರಡದಂತೆ ನೀರಿನಲ್ಲಿ ಪರದೆ ಇಳಿಬಿಟ್ಟಿರುತ್ತಾರೆ. ಮೇಲೆ ಹಳದಿ ತೇಲುಗಳ ಸಾಲು, ಕೆಳಗೆ ದಪ್ಪ ಬಟ್ಟೆ, ಬಟ್ಟೆಯ ತುದಿಗೆ ಭಾರಕ್ಕೆ ಸರಪಳಿ. ನಾನು ದಂಡೆಯಲ್ಲಿ ನಿಂತು ನೋಡಿ, ಎಲ್ಲ ಸರಿಯಾಗಿದೆ ಎಂದು ಬರೆದೆ. ಡೋರೀನ್ ದೋಣಿಯಲ್ಲಿ ಹೋಗಿ ತೇಲನ್ನು ಹಿಡಿದೆತ್ತಿದಳು. ಬಟ್ಟೆಯನ್ನು ಮಡಚಿ, ತೇಲಿಗೇ ಹಗ್ಗದಲ್ಲಿ ಬಿಗಿದಿದ್ದರು. ನೀರಿನೊಳಗೆ ಪರದೆಯೇ ಇರಲಿಲ್ಲ.

‘ದೋಣಿ ಓಡಾಡೋಕೆ ಅಡ್ಡ ಬರುತ್ತೆ ಅಂತ ಕಟ್ಟಿದ್ದಾರೆ’ ಎಂದಳು. ‘ನಿನಗೆ ಏನು ಕಾಣಬೇಕು ಅಂತ ಅವರಿಗೆ ಗೊತ್ತಿದೆ. ಹಳದಿ ಬಣ್ಣ ಕಾಣಬೇಕು. ಅದಕ್ಕೆ ಹಳದಿ ಬಣ್ಣ ಇಟ್ಟಿದ್ದಾರೆ.’

ನನ್ನ ಮೊದಲ ದೊಡ್ಡ ಎಡವಟ್ಟು ಅದೇ ಸೇತುವೆಯಲ್ಲಿ. ನಮ್ಮ ಕ್ರಮ ಸರಳ. ಕೆಲಸದ ಜಾಗದ ಮೇಲ್ಗಡೆಯಿಂದ ಒಂದು ಬಾಟಲಿ ನೀರು, ಕೆಳಗಡೆಯಿಂದ ಒಂದು ಬಾಟಲಿ. ಕೆಳಗಡೆಯದು ಹೆಚ್ಚು ಕದಡಿದ್ದರೆ ಕೆಲಸದವರು ಹೂಳು ಬಿಡುತ್ತಿದ್ದಾರೆಂದು ಅರ್ಥ. ಒಂದು ದಿನ ಮೇಲ್ಗಡೆಯ ಬಾಟಲಿಯೇ ಚಹಾದ ಬಣ್ಣಕ್ಕಿತ್ತು, ಕೆಳಗಿನದು ತಿಳಿಯಾಗಿತ್ತು. ಅಲ್ಲಿ ಮೇಲೆ ದೋಣಿ ನಿಲ್ಲಿಸುವ ಖಾಸಗಿ ಕಟ್ಟೆಯೊಂದಿತ್ತು. ಅವರೇ ಕೊಳೆ ಬಿಡುತ್ತಿದ್ದಾರೆಂದು ನಾನು ಆವೇಶದಿಂದ ಒಂದು ನೋಟೀಸು ಬರೆದುಬಿಟ್ಟೆ.

ಡೋರೀನ್ ಅದನ್ನು ಓದಿ ಗಮ್ ಅಗಿಯುವುದನ್ನು ನಿಲ್ಲಿಸಿದಳು. ‘ನದಿ ಈಗ ಯಾವ ಕಡೆ ಹರೀತಿದೆ, ಹೋಗಿ ನೋಡು.’

ನದಿ ಹಿಂದಕ್ಕೆ ಹರಿಯುತ್ತಿತ್ತು. ಸಮುದ್ರದ ಹತ್ತಿರದ ನದಿಗಳಲ್ಲಿ ದಿನಕ್ಕೆ ಎರಡು ಸಲ ಉಬ್ಬರ ಬಂದು ನೀರನ್ನು ಮೇಲಕ್ಕೆ ತಳ್ಳುತ್ತದೆ. ನಮ್ಮ ಸೇತುವೆಯ ಹೂಳೇ ಮೇಲಕ್ಕೆ ಹೋಗಿ ಆ ಪಾಪದವರ ಕಟ್ಟೆಯಲ್ಲಿ ಕೂತಿತ್ತು. ನಾನು ಧಾರವಾಡದವಳು. ನಮ್ಮೂರಲ್ಲಿ ನದಿಯೇ ಇಲ್ಲ, ಇರುವುದು ಕೆರೆ. ಕೆರೆ ಯಾವ ಕಡೆಗೂ ಹರಿಯುವುದಿಲ್ಲ. ಆ ದಿನದಿಂದ ಬೆಳಿಗ್ಗೆ ಎದ್ದೊಡನೆ ಉಬ್ಬರ ಇಳಿತದ ವೇಳಾಪಟ್ಟಿ ನೋಡುವುದು ಹಲ್ಲುಜ್ಜುವಷ್ಟೇ ಅಭ್ಯಾಸವಾಯಿತು. ಇಳಿತ ದಿನಕ್ಕೆ ಸುಮಾರು ಮುಕ್ಕಾಲು ಗಂಟೆಯಷ್ಟು ತಡವಾಗುತ್ತ ಹೋಗುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಮೂರ್ತಿ ಅಂಕಲ್ ವಿಷಯ. ನಾನು ಈ ಬರಹ ಶುರು ಮಾಡಿದ್ದೇ ಅವರಿಗಾಗಿ, ಅಥವಾ ಅವರಿಂದಾಗಿ.

ಡೋರೀನ್ ಕೆಲಸ ಬಿಟ್ಟ ಮೇಲೆ ನನ್ನನ್ನು ಓಲ್ಡ್ ಬ್ರಿಡ್ಜ್ ಎಂಬ ಊರಿಗೆ ಹತ್ತಿರದ ಒಂದು ಚಿಕ್ಕ ನದಿಗೆ ಹಾಕಿದರು. ಹಳೆಯ ಸೇತುವೆಯ ಪಕ್ಕದಲ್ಲೇ ಹೊಸದು ಕಟ್ಟುತ್ತಿದ್ದರು; ಅದು ಮುಗಿದ ಮೇಲೆ ಹಳೆಯದನ್ನು ಕೆಡವುವುದಿತ್ತು. ಗುತ್ತಿಗೆದಾರನ ಕೆಲಸವನ್ನು ಸರ್ಕಾರದ ಪರವಾಗಿ ನೋಡಿಕೊಳ್ಳುವ ರೆಸಿಡೆಂಟ್ ಎಂಜಿನಿಯರ್ ಮೂರ್ತಿ ಅಂಕಲ್. ಮೈಸೂರಿನವರು, ಇಲ್ಲಿಗೆ ಬಂದು ಮೂವತ್ತು ವರ್ಷದ ಮೇಲಾಗಿತ್ತು. ಮೊದಲ ದಿನ ನನ್ನ ಹೆಲ್ಮೆಟ್ಟಿನ ಮೇಲಿನ ಹೆಸರು ಓದಿ, ‘ಸುಮಾ ಹಿರೇಮಠ! ಹುಬ್ಬಳ್ಳಿನಾ, ಧಾರವಾಡಾನಾ?’ ಎಂದರು.

‘ಧಾರವಾಡ ರೀ ಸರ್.’

‘ಸರ್ ಗಿರ್ ಎಲ್ಲ ಬೇಡ ಕಣಮ್ಮ. ಅಂಕಲ್ ಅನ್ನು. ಊಟಕ್ಕೆ ಏನ್ ತಂದಿದ್ದೀಯ?’

ನಾನು ಬ್ರೆಡ್ಡು ತೋರಿಸಿದೆ. ಅವರು ಮುಖ ಕಿವುಚಿದರು. ಮರುದಿನದಿಂದ ಅವರ ಹೆಂಡತಿ ಲಲಿತಾ ಆಂಟಿ ನನಗೂ ಸೇರಿಸಿ ಡಬ್ಬಿ ಕಟ್ಟತೊಡಗಿದರು. ಪುಳಿಯೋಗರೆ, ಮೆಂತ್ಯದ ಬಾತ್, ಮೊಸರನ್ನ. ಮಧ್ಯಾಹ್ನ ಅಂಕಲ್ ಫೋನ್ ಮಾಡುತ್ತಿದ್ದರು: ‘ಬಾಮ್ಮ, ಊಟ ಮಾಡೋಣ.’ ಅವರ ವ್ಯಾನು ಆಫೀಸಿನ ಟ್ರೇಲರಿನ ಹಿಂದೆ, ರಸ್ತೆಗೆ ಮುಖ ಮಾಡಿ ನಿಂತಿರುತ್ತಿತ್ತು. ಹೀಟರ್ ಹಾಕಿಕೊಂಡು ಅದರಲ್ಲಿ ಕೂತು ಉಣ್ಣುತ್ತಿದ್ದೆವು. ಅವರು ಸೈಟಿನ ಮಾತು ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದರು. ಕನ್ನಡ ಸಂಘದ ಜಗಳ, ಮ್ಯಾನ್‌ಹಟನ್ನಿನಲ್ಲಿರುವ ಮಗಳ ಬಾಡಿಗೆ, ಮೊಣಕಾಲು ನೋವು. ‘ನಿಮ್ಮ ಧಾರವಾಡದೋರಿಗೆ ನಮ್ಮ ಖಾರ ಸಾಲಲ್ಲ, ಗೊತ್ತು’ ಎನ್ನುತ್ತ ಅಂಕಲ್, ಆಂಟಿ ಬೇರೆಯಾಗಿ ಕಟ್ಟಿದ ಚಟ್ನಿಪುಡಿ ಮುಂದಕ್ಕೆ ತಳ್ಳುತ್ತಿದ್ದರು.

ಉಣ್ಣುವಷ್ಟು ಹೊತ್ತೂ ನಾನು ನದಿಗೆ ಬೆನ್ನು ಹಾಕಿ ಕೂತಿರುತ್ತಿದ್ದೆ. ಹಿರಿಯರು ಊಟಕ್ಕೆ ಕರೆದರೆ ‘ಆಮೇಲೆ ಬರ್ತೀನಿ’ ಎನ್ನಲು ನಮ್ಮ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ.

ಗುತ್ತಿಗೆದಾರನ ಫೋರ್‌ಮನ್ ಗ್ಯಾರಿ. ಭಾರಿ ಆಳು, ಸದಾ ನಗುಮುಖ. ನನ್ನನ್ನು ಕಂಡರೆ ಕೈಯೆರಡೂ ಮೇಲೆತ್ತಿ, ‘ಫಿಶ್ ಪೊಲೀಸ್ ಬಂದರು, ಶರಣಾಗಿ!’ ಎಂದು ಕೂಗುವನು. ಆಗ ಅವರು ಹೊಸ ಕಂಬಕ್ಕೆ ಅಡಿಪಾಯ ಹಾಕುತ್ತಿದ್ದರು. ನದಿಯ ನಡುವೆ ಉಕ್ಕಿನ ಹಲಗೆಗಳನ್ನು ಒತ್ತೊತ್ತಾಗಿ ನೆಟ್ಟು ಒಂದು ಕೋಟೆ ಕಟ್ಟಿ, ಒಳಗಿನ ನೀರನ್ನು ಪಂಪಿನಿಂದ ಖಾಲಿ ಮಾಡಿ, ಒಣಗಿದ ಗುಂಡಿಯಲ್ಲಿ ಕೆಲಸ. ಹಲಗೆಗಳ ಸಂದಿನಿಂದ ನೀರು ಜಿನುಗುತ್ತಲೇ ಇರುವುದರಿಂದ ದಿನವೂ ಪಂಪ್ ಹಾಕಬೇಕು. ಆ ಕೆಸರುನೀರನ್ನು ನೇರ ನದಿಗೆ ಬಿಡುವಂತಿಲ್ಲ. ದಂಡೆಯ ಮೇಲಿನ ಉಕ್ಕಿನ ತೊಟ್ಟಿಗೆ ಹಾಯಿಸಿ, ಹೂಳು ಕೂತ ಮೇಲೆ, ಸೋಸಿ ಬಿಡಬೇಕು. ಇದು ನಿಧಾನದ ಕೆಲಸ. ನಿಧಾನ ಗ್ಯಾರಿಗೆ ಆಗದು.

ಈ ಹೂಳಿಗೆ ನಾವೇಕೆ ಇಷ್ಟು ಹೆದರುತ್ತೇವೆಂದರೆ, ವಸಂತದಲ್ಲಿ ಹೆರಿಂಗ್ ಮೀನುಗಳು ಸಮುದ್ರದಿಂದ ಈ ನದಿಗೆ ಬರುತ್ತವೆ. ನಮ್ಮ ಕರಾವಳಿಯವರ ಬೂತಾಯಿಯ ದೂರದ ನೆಂಟ ಎನ್ನಬಹುದು; ಬೆಳ್ಳಿಯ ಮೈ, ಅಂಗೈಗಿಂತ ಉದ್ದ. ಸಿಹಿನೀರಲ್ಲಿ ಮೊಟ್ಟೆಯಿಟ್ಟು ಮರಳುತ್ತವೆ. ಮೊಟ್ಟೆಯ ಮೇಲೆ ಹೂಳು ಕೂತರೆ ಉಸಿರುಗಟ್ಟಿ ಸಾಯುತ್ತವೆ. ಆ ವರ್ಷದ ಮರಿ ಹೋದರೆ ಹೋಯಿತು.

ಮಾರ್ಚ್ ಮುಗಿಯುತ್ತ ಬಂದಾಗ ನಾನು ಕಡಲಹಕ್ಕಿಗಳನ್ನು ಗಮನಿಸಿದೆ. ಊಟ ಮುಗಿಸಿ ದಂಡೆಗೆ ಬಂದರೆ ಕೋಟೆಯ ಆಚೆಮಗ್ಗುಲಿಗೆ, ಜೊಂಡು ಬೆಳೆದ ಜಾಗದಲ್ಲಿ ಹಕ್ಕಿಗಳು ಗುಂಪಾಗಿ ನೀರಿನ ಮೇಲೆ ಕೂತಿರುತ್ತಿದ್ದವು. ಬೆಳಿಗ್ಗೆ ಒಂದೂ ಇರುತ್ತಿರಲಿಲ್ಲ. ಗ್ಯಾರಿಯ ಹುಡುಗರು ಸ್ಯಾಂಡ್‌ವಿಚ್ ಚೂರು ಎಸೆಯುತ್ತಾರೆ ಎಂದುಕೊಂಡೆ. ಆದರೆ ಅವರು ಉಣ್ಣುತ್ತಿದ್ದದ್ದು ಈಚೆದಡದಲ್ಲಿ. ಬಾಟಲಿಯ ನೀರು ಮಾತ್ರ ಸದಾ ತಿಳಿ. ಅಷ್ಟು ತಿಳಿಯಾದ ಸೈಟನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅದೇ ನನಗೆ ಹಿಡಿಸಲಿಲ್ಲ.

ಗ್ಯಾರಿಯನ್ನು ಕೇಳಿದೆ. ‘ಹಕ್ಕಿಗಳಾ? ಅವಕ್ಕೂ ಲಂಚ್ ಬ್ರೇಕ್’ ಎಂದು ನಕ್ಕ. ನಗದಿದ್ದರೆ ನಂಬುತ್ತಿದ್ದೆನೇನೋ.

ಅಸಲಿ ಗುಟ್ಟು ಬಿಚ್ಚಿಕೊಟ್ಟವಳು ನಮ್ಮವ್ವ, ಅದೂ ಧಾರವಾಡದಲ್ಲಿ ಕೂತು. ದಿನಾ ಬೆಳಿಗ್ಗೆ ನಾನು ಕೆಲಸಕ್ಕೆ ಡ್ರೈವ್ ಮಾಡುವ ಹೊತ್ತಿಗೆ, ಅಲ್ಲಿ ಸಂಜೆ, ಫೋನ್ ಮಾಡುತ್ತಾಳೆ. ನನಗೆ ಆ್ಯಸಿಡಿಟಿ. ಅದಕ್ಕೆ ಅವಳ ಮೊದಲ ಪ್ರಶ್ನೆ ಎಂದಿಗೂ ಒಂದೇ.

‘ನಿನ್ನೆ ಎಷ್ಟೊತ್ತಿಗೆ ಉಂಡಿ?’

‘ಒಂದೂವರಿ ಆಗಿತ್ತವ್ವ.’

‘ಸೋಮವಾರ ಹನ್ನೆರಡಂದಿ. ಮಂಗಳವಾರ ಮುಕ್ಕಾಲು ತಾಸು ತಡಾ. ಈಗ ಒಂದೂವರಿ. ಆ ನಿಮ್ಮ ಅಂಕಲ್‌ಗ ಹಸಿವು ದಿನಾ ತಡಾ ಮಾಡಿ ಆಗ್ತದೇನ? ಏನ್ ಹೊಟ್ಟಿನೋ ಏನೋ!’

ನಾನು ನಕ್ಕೆ. ಮುಂದಿನ ಸಿಗ್ನಲ್ಲಿನ ಹೊತ್ತಿಗೆ ನಗು ನಿಂತಿತು. ಮನುಷ್ಯನ ಹಸಿವು ದಿನಕ್ಕೆ ಮುಕ್ಕಾಲು ಗಂಟೆ ತಡವಾಗುವುದಿಲ್ಲ. ಹಾಗೆ ತಡವಾಗುವುದು ಇಳಿತ.

ಕಾರು ಪಕ್ಕಕ್ಕೆ ನಿಲ್ಲಿಸಿ ಯೋಚಿಸಿದೆ. ಇಳಿತ ಜೋರಾಗಿರುವಾಗ ನದಿಗೆ ಏನು ಬಿಟ್ಟರೂ ಸೇತುವೆಯ ಕೆಳಗಿನಿಂದ ಕೊಲ್ಲಿಯ ಕಡೆಗೆ ಎಳೆದುಕೊಂಡು ಹೋಗುತ್ತದೆ. ಗುಂಡಿಯ ಕೆಸರುನೀರನ್ನು ಅರ್ಧ ಗಂಟೆ ನೇರ ಬಿಟ್ಟು ನಿಲ್ಲಿಸಿದರೆ, ನಾನು ಕೈ ತೊಳೆದು ಬಾಟಲಿ ಹಿಡಿದು ಬರುವಷ್ಟರಲ್ಲಿ ನೀರು ತಿಳಿ. ಕೆಸರಿನೊಂದಿಗೆ ಬರುವ ಹುಳುಗಳಿಗೆ ಹಕ್ಕಿಗಳು ಸೇರುತ್ತವೆ. ಅಷ್ಟು ಹೊತ್ತು ನನ್ನನ್ನು ದಂಡೆಯಿಂದ ದೂರ ಇಡಬೇಕು, ಅಷ್ಟೇ. ಹಿಂದಿನ ದಿನಗಳನ್ನು ನೆನಪು ಮಾಡಿಕೊಂಡೆ. ಮಧ್ಯಾಹ್ನ ಉಬ್ಬರ ಇದ್ದ ವಾರಗಳಲ್ಲಿ ಅಂಕಲ್ ಸರಿಯಾಗಿ ಹನ್ನೆರಡಕ್ಕೆ ಕರೆಯುತ್ತಿದ್ದರು. ಮಧ್ಯಾಹ್ನ ಇಳಿತ ಬಂದ ವಾರಗಳಲ್ಲಿ ಮಾತ್ರ ಊಟ ಜಾರುತ್ತಿತ್ತು.

ಅವತ್ತು ಆಂಟಿ ಕಳಿಸಿದ್ದು ಹೆಸರುಬೇಳೆ ಕೋಸಂಬರಿ, ಚಪಾತಿ. ಒಂದು ಚೂರು ಮುರಿದು ಹಾಗೇ ಡಬ್ಬಿಗೆ ಹಾಕಿದೆ.

‘ಯಾಕಮ್ಮ, ಖಾರ ಇಲ್ವಾ?’ ಎಂದರು ಅಂಕಲ್.

‘ಅದಲ್ರಿ. ಹಸಿವಿಲ್ಲ.’

ಅವರ ಮುಖವನ್ನೇ ನೋಡಿದೆ. ಬಿಳಿ ಮೀಸೆ, ಅದರ ತುದಿಗೆ ಸಿಕ್ಕಿದ ಕೊತ್ತಂಬರಿ ಸೊಪ್ಪು. ಮೋಸ ಮಾಡುವವರ ಮುಖ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ಯಾರಿಗೆ ಹೇಳುವುದು? ನಾನು ಕೆಲಸ ನಿಲ್ಲಿಸಿ ಎಂದು ಸಲಹೆ ಕೊಡಬಲ್ಲೆ, ನಿಲ್ಲಿಸಬಲ್ಲವರು ರೆಸಿಡೆಂಟ್ ಎಂಜಿನಿಯರ್ ಒಬ್ಬರೇ. ಅಂದರೆ ಅಂಕಲ್. ನನ್ನ ಆಫೀಸಿಗೆ ಹೇಳೋಣವೆಂದರೆ ಕೈಯಲ್ಲಿ ಇದ್ದದ್ದು ಹಕ್ಕಿಗಳು ಮತ್ತು ಅವ್ವನ ಮಾತು. ಒಂದು ಸಲ ಉಬ್ಬರ ಇಳಿತದಲ್ಲೇ ನಗೆಪಾಟಲಾದವಳು ನಾನು. ಸುಮ್ಮನಿದ್ದೆ. ಇಳಿತ ಸಂಜೆಯ ಕಡೆಗೆ ಸರಿದ ವಾರಗಳಲ್ಲಿ ಊಟ ಮತ್ತೆ ಹನ್ನೆರಡಕ್ಕೆ ಬಂದು ನಿಂತಿತು. ಹಕ್ಕಿಗಳೂ ಕಾಣಲಿಲ್ಲ.

ಏಪ್ರಿಲ್‌ನಲ್ಲಿ ಹುಣ್ಣಿಮೆಯ ಉಬ್ಬರದ ಜೊತೆಗೇ ಬಿರುಗಾಳಿ ಬಂತು. ಬೆಳಿಗ್ಗೆ ಹೋಗಿ ನೋಡಿದರೆ ನದಿ ಕೋಟೆಯ ಮೇಲಿಂದ ಹರಿದು ಒಳಗೆಲ್ಲ ತುಂಬಿತ್ತು. ಅದು ಹೆರಿಂಗ್ ಬರುವ ಭರದ ಕಾಲ. ನಾನು ಕೋಟೆಯ ಅಂಚಿನಲ್ಲಿ ಬಗ್ಗಿ ನೋಡಿದೆ. ಕಪ್ಪು ನೀರಿನೊಳಗೆ ಬೆಳ್ಳಿಯ ಮಿಂಚು. ಒಂದಲ್ಲ, ನೂರಾರು. ಗೋಡೆಯ ಸುತ್ತ ಒಂದೇ ದಿಕ್ಕಿಗೆ ಸುತ್ತುತ್ತಿದ್ದವು, ದಾರಿ ಹುಡುಕುತ್ತ.

ಇಂಥ ಹೊತ್ತಿಗೆ ನಿಯಮ ಸ್ಪಷ್ಟ. ಪಂಪಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ, ನೀರನ್ನು ನಿಧಾನವಾಗಿ ಇಳಿಸುತ್ತ, ಮೀನುಗಳನ್ನು ಬಲೆಯಿಂದ ಎತ್ತಿ ನದಿಗೆ ಬಿಡಬೇಕು. ಅದಕ್ಕೆ ತಂಡ ಬೇಕು, ಇಡೀ ದಿನ ಬೇಕು.

‘ಒಳಗೆ ಬರೀ ನೀರಿದೆ ಮಗೂ’ ಎಂದ ಗ್ಯಾರಿ. ‘ಶುಕ್ರವಾರ ಕಾಂಕ್ರೀಟ್ ಬರುತ್ತೆ. ಬುಕ್ ಆಗಿದೆ.’

‘ಬಗ್ಗಿ ನೋಡು.’

‘ಸೊಂಟ ನೋವು’ ಎಂದು ನಕ್ಕ.

ಅಂಕಲ್ ಬಂದು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ‘ರೆಸ್ಕ್ಯೂ ಟೀಮ್ ನಾಳಿದ್ದು ಗುರುವಾರ ಬರ್ತಾರಂತೆ. ಅಲ್ಲೀವರೆಗೆ ಪಂಪ್ ಆನ್ ಮಾಡೋ ಹಾಗಿಲ್ಲ’ ಎಂದು ನನ್ನೆದುರೇ ಗ್ಯಾರಿಗೆ ಹೇಳಿದರು. ಗ್ಯಾರಿ ಹೆಬ್ಬೆರಳು ಎತ್ತಿ ತೋರಿಸಿದ.

ಮರುದಿನ ಬುಧವಾರ. ವೇಳಾಪಟ್ಟಿಯಲ್ಲಿ ಇಳಿತ ಜೋರಾಗುವ ಹೊತ್ತು ಒಂದು ಗಂಟೆಯ ಸುಮಾರು. ನಾನು ಮನಸ್ಸಿನಲ್ಲೇ ಒಂದು ಪಂದ್ಯ ಕಟ್ಟಿಕೊಂಡೆ. ಅಂಕಲ್ ಹನ್ನೆರಡಕ್ಕೆ ಊಟಕ್ಕೆ ಕರೆದರೆ ನನ್ನದೇ ಕೆಟ್ಟ ಬುದ್ಧಿ, ದೇವರ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ. ಒಂದಕ್ಕೆ ಕರೆದರೆ...

ಹನ್ನೆರಡಾಯಿತು. ಫೋನ್ ಸುಮ್ಮನಿತ್ತು. ಹನ್ನೆರಡೂವರೆ. ನಾನು ಟ್ರೇಲರಿನ ಕಡೆ ನೋಡುತ್ತ ನಿಂತೆ, ಕರೆಯಲಿ, ಈಗಲಾದರೂ ಕರೆಯಲಿ ಎಂದು. ಒಂದು ದಾಟಿದ ಮೇಲೆ ಫೋನ್ ರಿಂಗಾಯಿತು.

‘ಬಾಮ್ಮ. ಆಂಟಿ ಬಿಸಿಬೇಳೆಬಾತ್ ಕಳ್ಸಿದ್ದಾಳೆ, ಆರಿಹೋಗತ್ತೆ.’

‘ಬಂದೆ ರೀ ಅಂಕಲ್.’

ಎಲ್ಲರಿಗೂ ಕಾಣುವಂತೆ ಟ್ರೇಲರಿನ ಕಡೆ ನಡೆದೆ. ಅದರ ಮರೆಗೆ ಹೋದವಳು ವ್ಯಾನಿನತ್ತ ತಿರುಗದೆ ಹಳೆಯ ಸೇತುವೆಯ ಮೇಲೆ ಹತ್ತಿ, ಆಚೆದಡಕ್ಕೆ ದಾಟಿ, ಜೊಂಡಿನೊಳಗೆ ನುಗ್ಗಿದೆ. ಕೆಸರು ಮೊಣಕಾಲು ಮುಟ್ಟಿತು. ಹಕ್ಕಿಗಳ ಗಲಾಟೆ ಮೊದಲು ಕೇಳಿಸಿತು. ಆಮೇಲೆ ಕಂಡಿತು: ಕೋಟೆಯ ಹಿಂಬದಿಯಿಂದ ಇಳಿದು, ಹೂಳಿನ ಪರದೆಯ ಅಡಿಯಿಂದ ನುಸುಳಿ ಬಂದ ತೋಳಿನಷ್ಟು ದಪ್ಪದ ಕಪ್ಪು ಪೈಪು. ಪಂಪ್ ಓಡುತ್ತಿತ್ತು, ಪೈಪು ಮಿಡಿಯುತ್ತಿತ್ತು. ಬಾಯಿಂದ ಉಕ್ಕುತ್ತಿದ್ದ ಮಣ್ಣುನೀರಿನಲ್ಲಿ ಬೆಳ್ಳಿಯ ಚೂರುಗಳು. ಜಾಲರಿ ಕಟ್ಟಿರಲಿಲ್ಲ. ಹಕ್ಕಿಗಳು ಅದಕ್ಕೇ ಬಂದಿದ್ದವು.

ರೇಡಿಯೋದಲ್ಲಿ ಕೂಗಿದೆ. ಪಂಪ್ ನಿಲ್ಲಿಸಿ ಎಂದೆ. ಯಾರೂ ನಿಲ್ಲಿಸಲಿಲ್ಲ. ‘ರೆಸಿಡೆಂಟ್ ಹೇಳಿದರೆ ನಿಲ್ಲಿಸ್ತೀನಿ’ ಎಂದು ಗ್ಯಾರಿಯ ದನಿ ಬಂತು. ಅವನು ಅದೊಂದನ್ನು ನಗದೇ ಹೇಳಿದ.

ಅಂಕಲ್ ಸೇತುವೆ ದಾಟಿ ಓಡಿಬಂದರು. ಕೈಯಲ್ಲಿ ಇನ್ನೂ ಚಮಚ ಇತ್ತು. ಜೊಂಡಿನ ಅಂಚಿನಲ್ಲಿ ನಿಂತು ಪೈಪು ನೋಡಿದರು, ಹಕ್ಕಿಗಳನ್ನು ನೋಡಿದರು, ನನ್ನನ್ನು ನೋಡಿದರು.

‘ಊಟಕ್ಕೆ ಬಂದೆ ಅಂದ್ಯಲ್ಲಮ್ಮ?’

‘ನೀವು ಇದೇ ಹೊತ್ತಿಗೆ ಕರೀತೀರಿ ಅಂತ ನನಗ ಗೊತ್ತಿತ್ರಿ.’

ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ ಚಮಚ ಹಿಡಿದ ಕೈ ಕೆಳಗಿಳಿಯಿತು.

‘ನನ್ನ ಮೇಲೂ ಅನುಮಾನಾನಾ?’

ಇಲ್ಲ ಎಂದಿದ್ದರೆ ಸುಲಭವಿತ್ತು. ಪಂಪ್ ಓಡುತ್ತಲೇ ಇತ್ತು. ‘ಹೌದ್ರಿ ಅಂಕಲ್. ನಿಮ್ಮ ಮ್ಯಾಲೂ ಐತಿ. ಮೊದ್ಲ ಪಂಪ್ ನಿಲ್ಲಸ್ರಿ.’

‘ಇದನ್ನ ನಿಲ್ಲಿಸಿದ್ರೆ ಫ್ರೈಡೇ ಕಾಂಕ್ರೀಟ್ ಹೋಯ್ತು. ಇನ್ನು ಆರು ತಿಂಗಳು ನನಗೆ ಮೇಲಿನವರಿಂದ ಫೋನ್ ಮೇಲೆ ಫೋನ್.’

‘ಗೊತ್ತೈತ್ರಿ.’

ಅವರು ರೇಡಿಯೋ ಬಾಯಿಗೆ ಹಿಡಿದು ಒಂದೇ ಮಾತು ಹೇಳಿದರು. ಪೈಪಿನ ಮಿಡಿತ ನಿಂತಿತು. ನದಿಯ ಸದ್ದು ಕೇಳತೊಡಗಿತು.

ಕೋಟೆಯೊಳಗೆ ನೀರು ಅರ್ಧಕ್ಕಿಳಿದಿತ್ತು. ಉಳಿದ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ನಾಳೆಯವರೆಗೆ ಅವು ಉಳಿಯುವುದಿಲ್ಲ ಎಂದೆ. ಅಂಕಲ್ ಗುಂಡಿಯ ಏಣಿ ಇಳಿದು, ಅಂಚಿನ ಹಲಗೆಯ ಮೇಲೆ ಪ್ಯಾಂಟು ಮಡಚಿ ನಿಂತರು. ಹುಟ್ಟಿದಾಗಿನಿಂದ ಮೀನು ಮುಟ್ಟಿರದ ಮನುಷ್ಯ. ನಾನು ಬಲೆಯಲ್ಲಿ ಎತ್ತಿ ಬಕೆಟ್ಟಿಗೆ ಹಾಕಿದೆ, ಅವರು ಬಕೆಟ್ಟನ್ನು ಏಣಿಯ ಮೇಲಿದ್ದ ಹುಡುಗರಿಗೆ ದಾಟಿಸಿದರು. ಒಂದು ಮೀನು ಹಾರಿ ಅವರ ಎದೆಗೆ ಬಡಿಯಿತು. ‘ಅಯ್ಯಯ್ಯೋ, ರಾಮ ರಾಮ’ ಎಂದು ಎರಡೂ ಕೈಯಿಂದ ಅಪ್ಪಿಕೊಂಡರು, ಬಿಡಲಿಲ್ಲ.

ಮೇಲಿಂದ ಗ್ಯಾರಿ ಕೇಳಿದ: ‘ನೀವಿಬ್ಬರೂ ಮೀನೇ ತಿನ್ನಲ್ಲ. ನಿಮಗ್ಯಾಕೆ ಇಷ್ಟು ಚಿಂತೆ?’

‘ತಿನ್ನೋನು ನೀನು. ನೀನೇ ಇಳಿದು ಬಾ’ ಎಂದರು ಅಂಕಲ್ ಇಂಗ್ಲಿಷಿನಲ್ಲಿ. ಹುಡುಗರು ನಕ್ಕರು. ಗ್ಯಾರಿ ಹೊರಟುಹೋದ. ಆಮೇಲೆ ಅವನನ್ನು ಬೇರೆ ಸೈಟಿಗೆ ಹಾಕಿದರೆಂದು ಕೇಳಿದೆ. ಅಲ್ಲಿ ಮೀನು ನೋಡುವವರು ಯಾರು, ಎಷ್ಟು ಹೊತ್ತಿಗೆ ಉಣ್ಣುತ್ತಾರೆ, ಗೊತ್ತಿಲ್ಲ.

ಕತ್ತಲಾಗುವ ಮುಂಚೆ ಮುಗಿಯಿತು. ಪೈಪಿಗೆ ಹೋದವು ಹೋದವು, ಉಳಿದವನ್ನು ಬಿಟ್ಟೆವು. ವ್ಯಾನಿನಲ್ಲಿ ಕೂತು ಬಿಸಿಬೇಳೆಬಾತ್ ತೆಗೆದರೆ ಕಲ್ಲಿನಂತೆ ಗಟ್ಟಿಯಾಗಿತ್ತು. ಇಬ್ಬರ ಮೈಯೂ ಮೀನಿನ ವಾಸನೆ. ಆದರೂ ಉಂಡೆವು. ಅರ್ಧ ಉಂಡ ಮೇಲೆ ಕೇಳಿದೆ.

‘ಅಂಕಲ್, ಊಟದ ಹೊತ್ತು ಯಾರು ಹೇಳ್ತಿದ್ರು?’

‘ಗ್ಯಾರಿ. ಅವನ ಹುಡುಗ್ರು ಕೆಲಸ ಮಾಡ್ತಾ ಇರೋವಾಗ ನಾನು ಊಟಕ್ಕೆ ಏಳೋ ಹಾಗಿಲ್ವಲ್ಲ. ಬ್ರೇಕ್ ತಗೋತಿದ್ದೀವಿ ಅಂತ ಅವನು ರೇಡಿಯೋದಲ್ಲಿ ಹೇಳ್ತಿದ್ದ. ನಾನು ಡಬ್ಬಿ ತೆಗೀತಿದ್ದೆ, ನಿನಗೆ ಫೋನ್ ಮಾಡ್ತಿದ್ದೆ.’

‘ಒಮ್ಮೊಮ್ಮೆ ದಿನಾ ತಡಾ ಆಗ್ತಿತ್ತಲ್ರಿ. ಇಷ್ಟು ವರ್ಷ ನದಿ ನೋಡೀರಿ. ನಿಮಗ ಏನೂ ಅನ್ನಿಸ್ಲಿಲ್ಲೇನ್ರಿ?’

ಅಂಕಲ್ ಡಬ್ಬಿಯ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಬಿಗಿ ಮಾಡಿದರು. ‘ಹಸಿವಾದಾಗ ಊಟ ಕಣಮ್ಮ. ಅದರಲ್ಲಿ ಏನು ಅನ್ನಿಸತ್ತೆ?’

ಅದು ಉತ್ತರವೋ ಅಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ. ಗ್ಯಾರಿ ಅವರನ್ನು ಬಳಸಿಕೊಂಡಿರಬಹುದು. ಅವರಿಗೆ ಗೊತ್ತಿದ್ದೂ ಗೊತ್ತಿಲ್ಲದಂತೆ ಇದ್ದಿರಬಹುದು. ಸೇತುವೆ ಬೇಗ ಮುಗಿದರೆ ಅವರಿಗೂ ನೆಮ್ಮದಿಯಿತ್ತು. ಗೊತ್ತಿದ್ದವರು ಕೋಟೆಯೊಳಗೆ ಇಳಿಯುತ್ತಿದ್ದರೇ? ಗೊತ್ತಿದ್ದುದಕ್ಕೇ ಇಳಿದರೇ? ವರದಿಯಲ್ಲಿ ನಾನು ಕಂಡದ್ದನ್ನಷ್ಟೇ ಬರೆದೆ: ಪೈಪು, ಹೊತ್ತು, ಮೀನು, ಮತ್ತು ರೆಸಿಡೆಂಟ್ ಎಂಜಿನಿಯರ್ ಪಂಪ್ ನಿಲ್ಲಿಸಿದರು ಎಂಬುದು. ಅವರು ಅದನ್ನು ಓದಿ, ಏನೂ ತಿದ್ದದೆ, ಸಹಿ ಹಾಕಿದರು.

ಮರುದಿನ ಡಬ್ಬಿ ಬರುತ್ತದೋ ಇಲ್ಲವೋ ಎಂದುಕೊಂಡಿದ್ದೆ. ಬಂತು. ಆದರೆ ಅಂಕಲ್ ಫೋನ್ ಮಾಡಲಿಲ್ಲ. ತಾವೇ ಡಬ್ಬಿ ಹಿಡಿದು ದಂಡೆಗೆ ಬಂದು, ಪಂಪಿಗೆ ಎದುರಾಗಿ ಒಂದು ಸಿಮೆಂಟ್ ದಿಮ್ಮಿಯ ಮೇಲೆ ಕೂತರು. ‘ಇನ್ಮೇಲೆ ಇಲ್ಲೇ. ಎಷ್ಟು ಹೊತ್ತಿಗೆ ಅಂತ ನೀನು ಹೇಳು.’ ಆ ಸೇತುವೆ ಮುಗಿಯುವವರೆಗೂ ನಾವು ಗಾಳಿಯಲ್ಲಿ, ಚಳಿಯಲ್ಲಿ, ನದಿಯನ್ನು ನೋಡುತ್ತ ಉಂಡೆವು. ಒಂದು ದಿನ ಹನ್ನೊಂದಕ್ಕೆ, ಒಂದು ದಿನ ಮೂರಕ್ಕೆ, ಯಾರಿಗೂ ಮೊದಲೇ ಗೊತ್ತಾಗದಂತೆ. ಅವ್ವ ಫೋನಿನಲ್ಲಿ ಬೈದಳು. ಆ್ಯಸಿಡಿಟಿಯೂ ಹೆಚ್ಚಾಯಿತು.

ಹೊಸದಾಗಿ ಬರುವವರೇ, ಈಗ ಬಾಟಲಿ ಹಿಡಿದು ಓಡಾಡುವ ಕಾಲ ಹೋಗುತ್ತಿದೆ. ನೀರಿನಲ್ಲಿ ತೇಲುವ ಯಂತ್ರ ಇಟ್ಟುಬಿಟ್ಟರೆ ಅದು ಹೊತ್ತೊತ್ತಿಗೆ ಅಳೆದು ನಿಮ್ಮ ಫೋನಿಗೆ ಕಳಿಸುತ್ತದೆ. ಯಂತ್ರವನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ, ನಿಜ. ಆದರೆ ಅದನ್ನು ಎಲ್ಲಿ ತೇಲಿಬಿಡಬೇಕೆಂದು ತೋರಿಸಿದವರು ಯಾರು, ಆ ಜಾಗವನ್ನೇ ಏಕೆ ತೋರಿಸಿದರು ಎಂದು ಕೇಳಿ. ಕಂಬ ಬಡಿಯುವಾಗ ಸದ್ದಿಗೆ ಮೀನು ಸಾಯದಿರಲಿ ಎಂದು ಸುತ್ತ ಗಾಳಿಗುಳ್ಳೆಗಳ ತೆರೆ ಎಬ್ಬಿಸುತ್ತಾರೆ. ಗುಳ್ಳೆಗಳು ತಳದಿಂದ ಏಳುತ್ತಿವೆಯೋ, ಮೇಲಷ್ಟೇ ಕಾಣುತ್ತಿವೆಯೋ ನೋಡಿ. ನಿಮ್ಮೊಡನೆ ನಕ್ಕು ಮಾತಾಡುವವರನ್ನು ಪ್ರೀತಿಸಬೇಡಿ ಎಂದು ನಾನು ಹೇಳಲಾರೆ. ಅವರ ಕೈಯ ಊಟ ಉಂಡವಳು ನಾನು. ಉಣ್ಣುವಾಗ ನದಿಗೆ ಮುಖ ಮಾಡಿ ಕೂರಿ, ಅಷ್ಟೇ.

ನವೆಂಬರಿನಲ್ಲಿ, ಬೆನ್ನು ಹೋಗುವುದಕ್ಕೆ ಸ್ವಲ್ಪ ಮುಂಚೆ, ನನ್ನ ಕೊನೆಯ ಸೇತುವೆಯ ದಂಡೆಯಲ್ಲಿ ನಿಂತಿದ್ದಾಗ ಫೋನ್ ಬಂತು. ಮೂರ್ತಿ ಅಂಕಲ್. ಅವರು ಆಗ ಬೇರೆಲ್ಲೋ ಇನ್ನೊಂದು ಸೇತುವೆ ನೋಡಿಕೊಳ್ಳುತ್ತಿದ್ದರು. ನನಗೂ ಅವರಿಗೂ ಕೆಲಸದ ಸಂಬಂಧ ಇರಲಿಲ್ಲ.

‘ಹೇಗಿದ್ದೀಯಮ್ಮ? ಊಟ ಆಯ್ತಾ?’

ಕನ್ನಡದವರು ಯಾರು ಫೋನ್ ಮಾಡಿದರೂ ಕೇಳುವ ಮಾತು. ನಾನು ಉತ್ತರ ಹೇಳುವ ಮುಂಚೆ ಕತ್ತು ತಿರುಗಿಸಿ ಆ ಸೈಟಿನ ಪಂಪಿನ ಪೈಪಿನ ಕಡೆ ನೋಡಿದೆ. ಪಂಪ್ ನಿಂತಿತ್ತು. ನೀರಿನ ಮೇಲೆ ಒಂದೇ ಒಂದು ಹಕ್ಕಿ ಕೂತಿತ್ತು. ನೋಡುತ್ತಲೇ ಇದ್ದೆ.

ನಾನು ಏನು ನೋಡುತ್ತಿದ್ದೇನೆಂದು ಅವರಿಗೆ ಹೊಳೆಯಿತೆಂದು ಕಾಣುತ್ತದೆ. ನಕ್ಕರು.

‘ಇನ್ನೂ ಇಲ್ರಿ ಅಂಕಲ್’ ಎಂದೆ. ‘ಮಾಡ್ತೀನಿ. ಎಷ್ಟೊತ್ತಿಗೆ ಅಂತ ಹೇಳಂಗಿಲ್ಲ.’

‘ಹೇಳ್ಬೇಡ ಕಣಮ್ಮ’ ಎಂದರು. ‘ನಂಗೂ ಹೇಳ್ಬೇಡ.’